ಉಳಿದ ಹದಿಮೂರು ಏಡಿ

ಅಪ್ಪನ ಧ್ವನಿ ಸಂದೇಶ
ಕಿಯೊಜ್ಜಾ, 19 ಮೇ 2024, ಭಾನುವಾರ

...ಅಯ್ಯೋ ಅದಲ್ಲ, ತಡಿ, ಎಲ್ಲಿಗೋ ಹೋಗ್ಬಿಟ್ಟೆ. ತಪ್ಪಾಯ್ತು ಪುಟ್ಟಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ಮೂರನೇ ಸಲ. ಮೊದಲನೇ ಸಲ ನಿಮ್ಮಮ್ಮ ಬಂದು ಸಾರಿನ ಉಪ್ಪು ನೋಡು ಅಂದ್ಲು. ಎರಡನೇ ಸಲ ಚರ್ಚಿನ ಗಂಟೆ. ಈಗ ದೋಣಿಗೇ ಬಂದು ಕೂತಿದ್ದೀನಿ. ಇಲ್ಲಿ ಕೇಳಿಸ್ಕೊಳ್ಳೋರು ಏಡಿಗಳು ಮಾತ್ರ, ಅವಕ್ಕೆ ಉಪ್ಪಿನ ಚಿಂತೆ ಇಲ್ಲ.

ನೀನು ಹೇಳಿದ್ದು ನೆನಪಿದೆ. "ಅಪ್ಪಾ, ನನಗೆ ಹೇಳೋ ಥರ ಹೇಳ್ಬೇಡ, ಜನ್ಮದಲ್ಲಿ ಏಡಿ ಹಿಡೀದೋರಿಗೆ ಹೇಳೋ ಥರ ಹೇಳು, ಪ್ರಬಂಧಕ್ಕೆ ಬೇಕು." ಆಯ್ತು. ಏಡಿ ಹಿಡೀದ ಪ್ರೊಫೆಸರ್ ಅಮ್ಮನೋರೇ, ನಮಸ್ಕಾರ. ನಾನು ದಾರಿಯೊ ಬೊಸ್ಕೊಲೊ, ಅಡ್ಡಹೆಸರು ಚಾಕೊಲ, ಅಂದ್ರೆ ಹರಟೆ. ನಮ್ಮ ಕಿಯೊಜ್ಜಾ ಮೀನುಗಾರರ ಊರು, ಅರ್ಧ ಊರು ಬೊಸ್ಕೊಲೊ, ಇನ್ನರ್ಧ ತಿಯೊತ್ಸೊ. ಯಾವ ಬೊಸ್ಕೊಲೊ ಅಂತ ಗೊತ್ತಾಗ್ಲಿ ಅಂತ ಸರ್ಕಾರದೋರೇ ಅಡ್ಡಹೆಸರನ್ನ ಗುರುತಿನ ಚೀಟೀಲಿ ಅಚ್ಚು ಹಾಕ್ಕೊಡ್ತಾರೆ. ನನ್ನ ಬಾಯಿ ಎಷ್ಟು ಅನ್ನೋದಕ್ಕೆ ಸರ್ಕಾರದ ಮೊಹರು ಇದೆ.

ಈಗ ಏಡಿ. ಏಡಿ ಬೆಳೀಬೇಕಾದ್ರೆ ಹಳೇ ಚಿಪ್ಪು ಬಿಡಬೇಕು. ಬಿಟ್ಟ ಮೇಲೆ ಕೆಲವೇ ಗಂಟೆ ಅದು ಬೆಣ್ಣೆ. ಆ ಹೊತ್ತಿಗೆ ನೀರಿಂದ ಎತ್ತಿದ್ರೆ ಮೆತ್ತೇಡಿ. ಕಾಲು, ಕೊಂಡಿ ಎಲ್ಲಾ ಸೇರಿಸಿ ಮೊಟ್ಟೇಲಿ ಅದ್ದಿ ಕರೀಬಹುದು. ತಡ ಮಾಡಿದ್ರೆ ಮತ್ತೆ ಕಲ್ಲು. ಹಾಗಾದ್ರೆ ಯಾವ ಏಡಿ ಯಾವತ್ತು ಬಿಡುತ್ತೆ ಅಂತ ತಿಳಿಯೋದು ಹೆಂಗೆ? ಅದೇ ವಿದ್ಯೆ. ಮೇಜಿನ ಮೇಲೆ ಸುರೀತೀವಿ, ಮೂರು ಪಾಲು ಮಾಡ್ತೀವಿ. ಇವತ್ತೋ ನಾಳೆಯೋ ಬಿಡೋವು ಒಂದು ಕಡೆ. ಎರಡು ಮೂರು ವಾರಕ್ಕೆ ಬಿಡೋವು ಇನ್ನೊಂದು ಕಡೆ. ಈ ಋತುವಲ್ಲಿ ಬಿಡೋದೇ ಇಲ್ಲ ಅನ್ನೋವು ಹುಚ್ಚೇಡಿ, ಅವು ವಾಪಸ್ ನೀರಿಗೆ. ಹತ್ರ ಬಂದಿರೋವನ್ನ ಮರದ ಪೆಟ್ಟಿಗೇಲಿ ಹಾಕಿ ಮುಳುಗಿಸಿಟ್ಟು ದಿನಕ್ಕೆ ಎರಡು ಸಲ ನೋಡ್ಬೇಕು, ಇಲ್ದಿದ್ರೆ ಗಟ್ಟಿ ಇರೋವು ಮೆತ್ತಗಾದೋವನ್ನ ತಿಂದುಹಾಕ್ತಾವೆ. ಮನುಷ್ಯರ ಥರಾನೇ.

ಗುರುತು ಎರಡು. ಬೆಳಕಿಗೆ ಹಿಡೀಬೇಕು. ಪಕ್ಕೆ ಅಂಚಲ್ಲಿ ಕೂದಲಷ್ಟು ಸಣ್ಣ ಗೆರೆ ಮೂಡಿರುತ್ತೆ, ಅದು ಒಂದು. ಕೊನೇ ಕಾಲಿನ ಚಪ್ಪಟೆ ತುದಿ ಒಳಗೆ ಇನ್ನೊಂದು ಕಾಲು ಕಾಣುತ್ತೆ, ಗಾಜಿನೊಳಗೆ ಗಾಜು ಇದ್ದ ಹಾಗೆ. ಅದು ಎರಡು. ತೊಂಬತ್ತನಾಲ್ಕರ ವಸಂತದಲ್ಲಿ ನಾನಿದನ್ನ ಕಲಿತೆ, ಏಪ್ರಿಲ್ ತಿಂಗಳಲ್ಲೂ ಬೆರಳು ಮರಗಟ್ಟೋ ಚಳಿ. ನಮ್ಮಪ್ಪ ನನಗೆ ಕಲಿಸಿದ್ರು, ಅವರಪ್ಪ ಅವರಿಗೆ. ಬರ್ಕೋ.

ನೀನು ಅದೇ ಗುರುತು ಹಿಡಿದು ಪ್ರಯೋಗಾಲಯದಲ್ಲಿ ನೂರು ಏಡಿ ನೋಡಿದ್ಯಲ್ಲ, ಎಂಬತ್ತೇಳು ಸರಿ ಬಂತು ಅಂದ್ಯಲ್ಲ, ಉಗೊನ ಬಾರಲ್ಲಿ ಅದನ್ನ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ. ಉಗೊ ಅಂತಾನೆ, "ಚಾಕೊಲ, ಕಾಫಿ ಕುಡೀತೀಯೋ, ಎಂಬತ್ತೇಳು ಕುಡೀತೀಯೋ?" ಹೊಟ್ಟೆಕಿಚ್ಚು ಅವನಿಗೆ, ಅವನ ಮಗ ಶಾಲೆ ಬಿಟ್ಟ. ಜುಲೈ ಹದಿನಾರು, ನಿನ್ನ ಪದವಿ ದಿನಕ್ಕೆ, ನಲವತ್ತು ಜನಕ್ಕೆ ಊಟ ಹೇಳಿದ್ದೀನಿ. ಪದವಿಗೆ ಹಂಚೋ ಕೆಂಪು ಸಕ್ಕರೆ ಬಾದಾಮಿನೂ ಹೇಳಿದ್ದೀನಿ. ತಲೆಗಿಡೋ ಲಾರೆಲ್ ಎಲೆ ಹಾರದ ಮಾತು ಮಾತ್ರ ಎತ್ತಿಲ್ಲ. ಪದವಿ ಕೈಗೆ ಬರೋ ಮುಂಚೆ ಆ ಎಲೆ ಮುಟ್ಟೋದು ಅಪಶಕುನ, ಮುಟ್ಟಿದ್ರೆ ಕೈ ಕಡೀತೀನಿ ಅಂದಿದ್ದಾಳೆ ನಿಮ್ಮಮ್ಮ.


ಮಗಳ ಸಂದೇಶ
ಬೊಲೊನ್ಯ, 21 ಮೇ

ಅಪ್ಪಾ, ನಾಲ್ಕು ಸಲ ಕೇಳಿದೆ. ತುಂಬಾ ಚೆನ್ನಾಗಿ ಹೇಳಿದ್ದೀಯ. ಅದನ್ನ ನನ್ನ ಮಾತಿಗೆ ತಿರುಗಿಸಿದ್ರೆ ಕೆಡುತ್ತೆ, ಹಾಗಾಗಿ ನಿನ್ನ ಮಾತನ್ನ ನಿನ್ನ ಮಾತು ಅಂತಲೇ ಹಾಕ್ತೀನಿ.

ಇಲ್ಲಿ ಒಂದು ಕಾಗದಕ್ಕೆ ಸಹಿ ಹಾಕ್ಬೇಕು. ಪ್ರಬಂಧದಲ್ಲಿ ನನ್ನದಲ್ಲದ ಪ್ರತಿಯೊಂದೂ ಯಾರಿಂದ ಬಂತು ಅಂತ ಹೇಳಿದ್ದೀನಿ ಅಂತ. ಪುಸ್ತಕದಿಂದ ಬಂದಿರ್ಲಿ, ಬಾಯಿಂದ ಬಂದಿರ್ಲಿ. ಅದಕ್ಕೆ ಅಜ್ಜನ ಪೂರ್ತಿ ಹೆಸರು, ಯಾವಾಗ, ಎಲ್ಲಿ, ಹೇಗೆ ಕಲಿಸಿದ್ರು ಅಂತ ಬೇಕು. ಹದಿಮೂರು ಏಡಿ ಯಾಕೆ ತಪ್ಪಿದ್ವು ಅಂತ ಪ್ರೊಫೆಸರ್ ಕೆಂಪು ಗೆರೆ ಹಾಕಿ ಕೇಳಿದ್ದಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಿನ್ನ ಹತ್ರ ಇದ್ಯಾ?
ಇಲೇನಿಯಾ


ಅಪ್ಪನ ಧ್ವನಿ ಸಂದೇಶ
23 ಮೇ, ಗುರುವಾರ

ಹದಿಮೂರು ತಪ್ಪಿದ್ರೆ ಏಡಿ ತಪ್ಪು ಅಂತ ಹೇಳಮ್ಮ ನಿಮ್ಮ ಪ್ರೊಫೆಸರಿಗೆ. ಮೂವತ್ತು ವರ್ಷದಿಂದ ನನಗೂ ನೂರಕ್ಕೆ ಹತ್ತು ಹನ್ನೆರಡು ಕೈ ಕೊಡ್ತಾವೆ. ಸಮುದ್ರ ಅಂದ್ಮೇಲೆ ಅಷ್ಟಿರುತ್ತೆ.

ಅಜ್ಜನ ಹೆಸರು ಸಾಂತೆ ಬೊಸ್ಕೊಲೊ ಚಾಕೊಲ. ಎಲ್ಲಿ ಅಂದ್ರೆ... ಇಲ್ಲೇ, ಕಾಲುವೆ ಪಕ್ಕ. ಹೇಗೆ ಅಂದ್ರೆ ಹಂಗೇ, ಪಕ್ಕದಲ್ಲಿ ಕೂರಿಸ್ಕೊಂಡು, ಕ್ಯಾರೆಟ್ ಡಬ್ಬ ಬೋರಲು ಹಾಕಿ ಅದರ ಮೇಲೆ ಏಡಿ ಇಟ್ಟು. ತಪ್ಪು ಹೇಳಿದ್ರೆ ಕಿವಿ ಹಿಂಡೋದು. ಅಷ್ಟು ಸಾಕಲ್ವಾ? ನಿನ್ನಪ್ಪ ಹೇಳ್ತಿದ್ದೀನಿ, ಇದಕ್ಕಿಂತ ಸಾಕ್ಷಿ ಬೇಕಾ? ಇತಿಹಾಸದ ಪರೀಕ್ಷೇಲಿ ಮೂವತ್ತಕ್ಕೆ ಇಪ್ಪತ್ನಾಲ್ಕು ಕೊಟ್ರೆ ಬೇಡ ಅಂತ ವಾಪಸ್ ಕೊಟ್ಟು ಎದ್ದು ಬಂದೋಳು ನೀನು. ಆವತ್ತು ನಾನು ಬೈದಿದ್ದೆ. ಮತ್ತೆ ಕೂತು ಬರೆದು ಮೂವತ್ತು ತಗೊಂಡೆ. ಬಾರಲ್ಲಿ ಅದನ್ನೂ ಹೇಳ್ತೀನಿ, ಬೈದಿದ್ದನ್ನ ಬಿಟ್ಟು.


ಮಗಳ ಸಂದೇಶ
24 ಮೇ

ಅಪ್ಪಾ, ಒಂದು ಸಣ್ಣ ವಿಷಯ. ನೀನು ಕಲಿತಿದ್ದು ತೊಂಬತ್ತನಾಲ್ಕರ ವಸಂತ ಅಂದೆ. ಅಜ್ಜನ ಸಮಾಧಿ ಕಲ್ಲಿನ ಮೇಲೆ 1992 ಅಂತಿದೆ. ಪ್ರತಿ ನವೆಂಬರಲ್ಲಿ, ಸತ್ತೋರನ್ನ ನೆನೆಯೋ ದಿನ, ಅಲ್ಲಿ ಹೂವಿಡೋದು ನಾನೇ.

ವರ್ಷ ತಪ್ಪಿ ಹೇಳಿದ್ಯಾ? ಇಲ್ಲ ಬೇರೆ ಯಾರಾದ್ರೂ ಕಲಿಸಿದ್ರಾ? ಯಾರಾದ್ರೂ ಪರವಾಗಿಲ್ಲ. ಹೆಸರು ಹೇಳಿದ್ರೆ ಸಾಕು.


ಅಪ್ಪನ ಧ್ವನಿ ಸಂದೇಶ
25 ಮೇ, ಹನ್ನೊಂದು ಸೆಕೆಂಡು

ಹಾ, ಪುಟ್ಟಿ, ದೋಣಿ ಮೇಲಿದ್ದೀನಿ, ಗಾಳಿ ಜಾಸ್ತಿ, ಏನೂ ಕೇಳಿಸ್ತಿಲ್ಲ. ವರ್ಷ ಗಿರ್ಷ ಯಾರು ನೆನಪಿಟ್ಕೋತಾರೆ. ಆಮೇಲೆ ಮಾಡ್ತೀನಿ.


ಅಪ್ಪನ ಧ್ವನಿ ಸಂದೇಶ
9 ಜೂನ್, ಭಾನುವಾರ

ಹದಿನೈದು ದಿನ ಆಯ್ತು, ಒಂದು ಮಾತಿಲ್ಲ ನಿಂದು. ನಿಮ್ಮಮ್ಮನ ಹತ್ರ ಮಾತ್ರ ಮಾತಾಡ್ತೀಯಂತೆ. "ಓದ್ತಿದ್ದಾಳೆ ಬಿಡು" ಅಂತಾಳೆ, ಹಂಗನ್ನುವಾಗ ನನ್ನ ಮುಖ ನೋಡಲ್ಲ. ವಸಂತದ ಏಡಿ ಮುಗೀತು, ಪೆಟ್ಟಿಗೆ ಎಲ್ಲಾ ಮೇಲೆತ್ತಿ ಒಣಗಿಸ್ತಿದ್ದೀನಿ. ಕೆಲಸ ಇಲ್ಲದಾಗ ಮನುಷ್ಯನಿಗೆ ಕೆಟ್ಟ ಯೋಚನೆ ಬರುತ್ತೆ.

ಉಗೊ ಕೇಳ್ದ, "ಡಾಕ್ಟರಮ್ಮ ಹೇಗಿದ್ದಾಳೆ?" ಪದವಿ ಆದ್ಮೇಲೆ ಕರೆಯೋ ಹೆಸರನ್ನ ಮುಂಚೆನೇ ಕರೀತಾನೆ, ದೃಷ್ಟಿ ಹಾಕೋಕೆ. ನಾನು, "ಮೂವತ್ತರ ಮೇಲೆ ಮೂವತ್ತು" ಅಂದೆ. ಅಂದ್ಬಿಟ್ಟು ಕಾಫಿ ಅರ್ಧಕ್ಕೆ ಬಿಟ್ಟು ಬಂದೆ. ಹುಷಾರಾಗಿದ್ದೀಯ ತಾನೆ?


ಮಗಳ ಸಂದೇಶ
12 ಜೂನ್

ಅಪ್ಪಾ, ಜುಲೈ ಪಟ್ಟಿಯಿಂದ ನನ್ನ ಹೆಸರು ತೆಗೆಸಿದ್ದೀನಿ. ಅಕ್ಟೋಬರಿಗೆ ನೋಡ್ತೀನಿ. ನಲವತ್ತು ಜನಕ್ಕೆ ಹೇಳಿದ್ದಕ್ಕೆ ಬೇಜಾರಾಗ್ತಿದೆ. ಕಾಗದ ಬರೀತೀನಿ, ಫೋನಲ್ಲಿ ಹೇಳೋಕಾಗಲ್ಲ.


ಅಪ್ಪನ ಧ್ವನಿ ಸಂದೇಶ
12 ಜೂನ್, ಬುಧವಾರ

ಏನಂದೆ? ತೆಗೆಸಿದ್ದೀಯಾ? ಯಾರು ಏನಂದ್ರು ನಿನಗೆ ಹೇಳು! ಕದ್ದು ಬರೆದಿದ್ದಾಳೆ ಅಂದ್ರಾ? ನನ್ನ ಮಗಳನ್ನ? ಅಕ್ಷರ ಒಂದೂ ಕದೀದೋಳು ನೀನು. ಎರಡನೇ ಕ್ಲಾಸಲ್ಲಿ ಪಕ್ಕದ ಹುಡುಗಿ ನಿನ್ನ ಲೆಕ್ಕ ನೋಡಿ ಬರೆದ್ಲು ಅಂತ ನೀನೇ ಅತ್ತು ಟೀಚರ್ ಹತ್ರ ಹೋಗಿದ್ದೆ, ನೆನಪಿದ್ಯಾ? ನಾಳೆ ಬೆಳಿಗ್ಗೆ ಟ್ರೇನ್ ಹತ್ತಿ ಬರ್ತೀನಿ. ಆ ಪ್ರೊಫೆಸರ್ ಮುಂದೆ ನಿಂತ್ಕೊಂಡು ಕೇಳ್ತೀನಿ. ಬೊಸ್ಕೊಲೊಗಳು ಮೂರು ತಲೆಮಾರಿಂದ... ಮೂರು ತಲೆಮಾರು...

ಆಯ್ತು. ಬರಲ್ಲ. ನಿಮ್ಮಮ್ಮ ಬ್ಯಾಗ್ ಬಚ್ಚಿಟ್ಟಿದ್ದಾಳೆ. ಕಾಗದ ಕಳಿಸು.


ಮಗಳ ಕಾಗದ
ಬೊಲೊನ್ಯ, 17 ಜೂನ್

ಪ್ರೀತಿಯ ಅಪ್ಪಾ,

ನನ್ನ ಮೇಲೆ ಯಾರೂ ಏನೂ ಹೊರಿಸಿಲ್ಲ. ಹೆಸರು ತೆಗೆಸಿದ್ದು ನಾನೇ.

ವರ್ಷ ಕೂಡಿಬರ್ತಿಲ್ಲ, ಯಾರು ಕಲಿಸಿದ್ದು ಅಂತ ಗೊತ್ತಿಲ್ಲ ಅಂತ ಪ್ರೊಫೆಸರಿಗೆ ಹೇಳಿದೆ. ಅವರು ಒಳ್ಳೆಯವರು. "ಸ್ಥಳೀಯ ಮೀನುಗಾರರು ಅಂತ ಬರೆದುಬಿಡಿ, ಯಾರೂ ತಪ್ಪು ಹೇಳಲ್ಲ, ಜುಲೈಯಲ್ಲೇ ಮುಗಿಸಬಹುದು" ಅಂದ್ರು. ಹಾಗೆ ಬರೆದೆ. ಓದಿ ನೋಡಿದೆ. ಆ ವಾಕ್ಯದಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ, ನಾನು ಅವನ ಮೇಲೆ ಬಟ್ಟೆ ಮುಚ್ಚಿದ್ದೀನಿ ಅನ್ನಿಸ್ತು. ಅವನು ನಿನ್ನ ಕಿವಿ ಹಿಂಡಿದ್ದ. ಕ್ಯಾರೆಟ್ ಡಬ್ಬ ಬೋರಲು ಹಾಕಿದ್ದ. ನಮ್ಮ ಮನೇಲಿ ಕ್ಯಾರೆಟ್ ಡಬ್ಬ ಎಲ್ಲಿತ್ತಪ್ಪಾ?

ನಾನು ಏಳು ವರ್ಷದವಳಿದ್ದಾಗ ನೀನು ನನ್ನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗ್ತಿದ್ದೆ. ಮೆತ್ತೇಡಿ ಬುಟ್ಟೀಲಿ ಒಂದು ಗಟ್ಟಿಯಾಗೋಕೆ ಶುರುವಾಗಿದ್ರೆ, ಕೊಳ್ಳೋರು ನೋಡೋ ಮುಂಚೆ ನೀನೇ ತೆಗೆದುಹಾಕ್ತಿದ್ದೆ. "ಇದನ್ನ ಕಣ್ಣುಮುಚ್ಚಿ ಮಾರಿದೋನು ನಾಳೆ ಮುಖ ತೋರಿಸೋ ಹಾಗಿಲ್ಲ ಕಣೇ" ಅಂತಿದ್ದೆ. ನನ್ನ ಬುಟ್ಟೀಲೂ ಈಗ ಅಂಥದ್ದೊಂದಿದೆ. ಅದನ್ನ ತೆಗೀದೆ ನಾನು ಆ ಕಾಗದಕ್ಕೆ ಸಹಿ ಹಾಕಲ್ಲ. ಅಕ್ಟೋಬರಲ್ಲೂ ಹೆಸರು ಸಿಗದಿದ್ರೆ ಆ ಅಧ್ಯಾಯ ಕಿತ್ತುಹಾಕಿ, ಉಳಿದಷ್ಟನ್ನೇ ಕೊಡ್ತೀನಿ. ಉಳಿಯೋದು ಸ್ವಲ್ಪಾನೇ.

ನಿನ್ನ ಮೇಲೆ ಸಿಟ್ಟಿಲ್ಲ. ಇದ್ದದ್ದು ಮುಗೀತು. ಅಮ್ಮನಿಗೆ ಏನೂ ಹೇಳಿಲ್ಲ.

ಇಲೇನಿಯಾ


ಅಪ್ಪನ ಧ್ವನಿ ಸಂದೇಶ
30 ಜೂನ್, ಭಾನುವಾರ

ಪುಟ್ಟಿ, ಇದು ಉದ್ದ ಇದೆ. ಕೂತ್ಕೊಂಡು ಕೇಳು. ಮಧ್ಯೆ ನಿಲ್ಸಿದ್ರೆ ಮತ್ತೆ ಶುರು ಮಾಡೋ ಧೈರ್ಯ ನನಗಿಲ್ಲ.

ನಿನ್ನ ಕಾಗದ ಹತ್ತು ದಿನ ಜೇಬಲ್ಲಿಟ್ಕೊಂಡು ಓಡಾಡಿದೆ. ಜೇಬಲ್ಲಿದ್ದದ್ದು ಕಾಗದ ಅಲ್ಲ, ಕೆಂಡ. ಇವತ್ತು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಸೈಕಲ್ ಹತ್ತಿ ಸೇತುವೆ ದಾಟಿ ಸೊತ್ತೊಮರೀನಾಕ್ಕೆ ಹೋದೆ.

ಹೌದು, ಸೊತ್ತೊಮರೀನಾ. ನಗು ಬಂದ್ರೆ ನಕ್ಕುಬಿಡು. ನಾವು ಸಮುದ್ರದೋರು, ಅವರು ಮರಳಲ್ಲಿ ಕ್ಯಾರೆಟ್ ಬೆಳೆಯೋರು. ಅವರ ಬಗ್ಗೆ ನಾನು ಮಾಡಿರೋ ತಮಾಷೆ ಎಲ್ಲಾ ಕೇಳ್ಕೊಂಡೇ ನೀನು ಬೆಳೆದೆ. ಅಲ್ಲಿಯೋರು ದೋಣಿ ಹತ್ತಿದ್ರೆ ಹುಟ್ಟನ್ನ ಮಣ್ಣಲ್ಲಿ ನೆಡ್ತಾರೆ ಅಂತ ಹೇಳ್ತಿದ್ದೋನು ನಾನೇ. ನನಗೆ ಏಡಿ ಕಲಿಸಿದ್ದು ಅಲ್ಲಿಯೋರು. ಅದೂ ಹೆಂಗಸು.

ಎಲ್ವೀರಾ ತಿಯೊತ್ಸೊ ಅಂತ ಹೆಸರು. ನಮ್ಮಪ್ಪ ಹೋದಾಗ ನನಗೆ ಹದಿನೆಂಟು. ಅವರು ನನಗೆ ಬಲೆ ಬಿಡೋದು ಕಲಿಸಿದ್ರು, ಏಡಿ ಆರಿಸೋದು ಮಾತ್ರ ಕಲಿಸಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ರು, ಆ ಮುಂದಿನ ವರ್ಷ ಬರಲೇ ಇಲ್ಲ. ಎರಡು ವರ್ಷ ನಾನು ಸುಮ್ನೆ ಕಣ್ಣಂದಾಜಲ್ಲಿ ಪೆಟ್ಟಿಗೆ ತುಂಬಿದೆ, ಅರ್ಧಕ್ಕರ್ಧ ಹುಚ್ಚೇಡಿ. ಬೆಳಿಗ್ಗೆ ನೋಡಿದ್ರೆ ಪೆಟ್ಟಿಗೆ ತುಂಬ ಬರೀ ಕಾಲು, ಚೂರು. ಚಿಕ್ಕಪ್ಪಂದಿರನ್ನ ಕೇಳಿದ್ರೆ, "ಅದು ಮನೆ ವಿದ್ಯೆ, ನಿಮ್ಮಪ್ಪ ಹೇಳ್ಕೊಡ್ಬೇಕಿತ್ತು" ಅಂದ್ರು. ಒಂದು ದಿನ ಮಾರ್ಕೆಟ್ಟಲ್ಲಿ ತರಕಾರಿ ಮಾರ್ತಿದ್ದ ಹೆಂಗಸು ನನ್ನ ಬುಟ್ಟಿ ಒಳಗೆ ಇಣುಕಿದ್ಲು. "ಇವೆಲ್ಲಾ ಹುಚ್ಚೇಡಿ ಕಣೋ. ಇವನ್ನ ಹಿಡಿದಿರೋನು ಇನ್ನೂ ದೊಡ್ಡ ಹುಚ್ಚೇಡಿ" ಅಂದ್ಲು. ಅವಳ ಅಣ್ಣಂದಿರು ಏಡಿ ಹಿಡೀತಿದ್ರು, ಆರಿಸ್ತಿದ್ದೋಳು ಇವಳು, ಎಂಟನೇ ವರ್ಷದಿಂದ. ಅಣ್ಣಂದಿರು ದೋಣಿ ಮಾರ್ಕೊಂಡು ಹೋದ್ರು. ವಿದ್ಯೆ ಇವಳ ಕೈಯಲ್ಲೇ ಉಳೀತು, ಕೇಳೋರಿಲ್ಲದೆ.

ತೊಂಬತ್ತನಾಲ್ಕರ ವಸಂತ ಪೂರ್ತಿ ದಿನಾ ಸೇತುವೆ ದಾಟಿದೆ. ಅವಳ ತೋಟದ ಹಿಂದೆ ನೀರಿನ ಪಕ್ಕ ಕ್ಯಾರೆಟ್ ಡಬ್ಬ ಬೋರಲು ಹಾಕ್ಕೊಂಡು. ಕಿವಿ ಹಿಂಡಿದ್ದು ಅವಳೇ. ಒಂದು ಕಾಸು ಕೇಳಲಿಲ್ಲ.

ಮುಂದಿನ ವಸಂತಕ್ಕೆ ನನ್ನ ಪೆಟ್ಟಿಗೆ ಎಲ್ಲಾ ತುಂಬಿ ಬಂತು. ಬಾರಲ್ಲಿ ಆಗ ಉಗೊನ ಅಪ್ಪ ಇದ್ರು. "ನೋಡ್ರೋ, ಸಾಂತೆ ಮಗ! ರಕ್ತದಲ್ಲೇ ಬಂದಿದೆ. ಅಪ್ಪ ಹೇಳ್ಕೊಟ್ಟು ಹೋಗಿದ್ದಾನೆ ಅಲ್ವೇನೋ?" ಅಂದ್ರು. ಎಲ್ಲರೂ ನನ್ನ ಕಡೆ ನೋಡ್ತಿದ್ರು. ನಾನು ಹೌದು ಅಂದೆ. ಅಷ್ಟೇ ಪುಟ್ಟಿ. ಒಂದು ಹೌದು. ಜೀವನದಲ್ಲಿ ನಾನು ಆಡಿದ ಅತಿ ಚಿಕ್ಕ ಮಾತು ಅದು. ಅದನ್ನ ಮುಚ್ಚೋಕೆ ಮೂವತ್ತು ವರ್ಷ ಮಾತಾಡ್ದೆ. ಮತ್ತೆ ಆ ಸೇತುವೆ ದಾಟಿ ಅವಳ ಮನೆಗೆ ಹೋಗಲಿಲ್ಲ.

ಇವತ್ತು ಹೋದೆ. ಬೇಲಿ ಹತ್ರ ನಿಂತು ಕೂಗ್ದೆ, "ಎಲ್ವೀರಮ್ಮ ಇದ್ದಾರಾ?"

"ಇದ್ದಾಳೆ. ಸತ್ತಿದ್ರೆ ಗೋಡೆ ಮೇಲೆ ಫೋಟೊ ಅಂಟಿಸ್ತಿದ್ರು" ಅಂತ ಒಳಗಿಂದ. ಎಂಬತ್ಮೂರು ವರ್ಷ. ಕ್ಯಾರೆಟ್ ಕಟ್ತಾ ಕೂತಿದ್ರು. ಕನ್ನಡಕ ಮೇಲೆತ್ತಿ ನೋಡಿದ್ರು. "ಓಹೋ, ಹುಚ್ಚೇಡಿ! ಸೇತುವೆ ಮೂವತ್ತು ವರ್ಷದಷ್ಟು ಉದ್ದ ಇತ್ತೇನೋ?"

ನಾನು ಎಲ್ಲಾ ಹೇಳಿದೆ. ನಿನ್ನ ಪ್ರಬಂಧ, ಎಂಬತ್ತೇಳು, ನಿನ್ನ ಕಾಗದ. ಅವರ ಹೆಸರು ಎಲ್ಲೂ ಹೇಳಿಲ್ಲ ಅಂತ ಬಾಯಿಬಿಟ್ಟು ಹೇಳಿದೆ.

"ಗೊತ್ತು ಬಿಡೋ" ಅಂದ್ರು. "ಮಾರ್ಕೆಟ್ಟಲ್ಲಿ ನಿನ್ನ ಅಂಗಡಿಗೆ ನಾಲ್ಕನೇ ಅಂಗಡಿ ನಂದಿತ್ತು, ನೀನು ಈ ಕಡೆ ತಿರುಗಿ ನೋಡ್ತಿರಲಿಲ್ಲ ಅಷ್ಟೇ. ನಮ್ಮಪ್ಪ, ನಮ್ಮಪ್ಪ ಅಂತ ನೀನು ಗಿರಾಕಿಗಳಿಗೆ ಕೂಗೋದು ದಿನಾ ಕೇಳಿಸ್ತಿತ್ತು."

"ಸಿಟ್ಟು ಬರಲಿಲ್ವಾ?"

"ಬಂತು. ಮೊದಲ ಹತ್ತು ವರ್ಷ ಬಂತು. ಆಮೇಲೆ ಮಂಡಿ ನೋವು ಬಂತು, ಎರಡನ್ನೂ ಹೊರೋಕಾಗಲಿಲ್ಲ."

ನಾನು ಅವರ ಕಣ್ಣೆದುರು ಕೂತಿದ್ದೆ ಪುಟ್ಟಿ, ಐವತ್ತು ವರ್ಷದ ಗಂಡಸು, ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಕ್ಯಾರೆಟ್ ಕಟ್ಟೋಕೆ ಶುರು ಮಾಡ್ದೆ. ಅವರು ಕೇಳಿದ್ರು, "ನೂರಕ್ಕೆ ಎಷ್ಟು ಸರಿ ಬಂತು ಅಂದೆ?" ಎಂಬತ್ತೇಳು ಅಂದೆ. "ಹದಿಮೂರು ಕೈ ಕೊಡ್ತಾ?" ಹೂಂ ಅಂದೆ. ನಕ್ಕರು ನೋಡು! ಹಲ್ಲಿಲ್ಲದ ಬಾಯಿ ಪೂರ್ತಿ ತೆಗೆದು ನಕ್ಕರು.

"ಎರಡು ಗುರುತು ಹೇಳಿದ್ದೆ ನಿನಗೆ. ಮೂರನೇದು ಇಟ್ಕೊಂಡಿದ್ದೆ. ಮುಂದಿನ ವಸಂತಕ್ಕೆ ಬರ್ತಾನಲ್ಲ, ಆಗ ಹೇಳಿದ್ರಾಯ್ತು ಅಂತ. ನೀನು ಬರಲೇ ಇಲ್ಲ."

ನನ್ನ ಮುಖ ಏನಾಗಿರ್ಬೇಕು ಯೋಚಿಸು. ಮೂವತ್ತು ವರ್ಷದಿಂದ ನೂರಕ್ಕೆ ಹನ್ನೆರಡು ಏಡಿ ನೀರಿಗೆ ಎಸೀತಿದ್ದೀನಿ. ಅಷ್ಟೂ ನನ್ನ ಆ ಒಂದು ಹೌದಿನ ದಂಡ.

ಮೂರನೇ ಗುರುತು ಹೇಳ್ತೀನಿ, ಬರ್ಕೋ. ಗೆರೆ ಕಂಡ ಮೇಲೂ ನಂಬಬಾರದು. ಮಸ್ಸೆಲ್ ಚಿಪ್ಪಿನ ಮಾಂಸ ಉಗುರಷ್ಟು ಕಿತ್ತು ಅದರ ಬಾಯಿ ಹತ್ರ ಹಿಡೀಬೇಕು. ಚಿಪ್ಪು ಬಿಡೋಕೆ ಹೊರಟಿರೋದು ಊಟ ಮುಟ್ಟಲ್ಲ, ಮುಖ ತಿರುಗಿಸುತ್ತೆ. ಗೆರೆ ಇದ್ದೂ ಗಬಕ್ಕನೆ ಹಿಡಿದ್ರೆ ಅದಕ್ಕೆ ಎಲ್ಲೋ ಏಟಾಗಿದೆ ಅಷ್ಟೇ, ಈಗಲೇ ಬಿಡಲ್ಲ. "ಗೆರೆ ಸುಳ್ಳು ಹೇಳುತ್ತೆ ಕಣೋ, ಹಸಿವು ಹೇಳಲ್ಲ" ಅಂದ್ರು.

ನಿನ್ನ ಮಗಳು ನನ್ನ ಹೆಸರು ಹಾಕ್ತಾಳಾ ಅಂತ ಕೇಳಿದ್ರು. ಹಾಕ್ತಾಳೆ, ಹಾಕದೆ ಪದವಿನೇ ಬೇಡ ಅಂತ ಕೂತಿದ್ದಾಳೆ ಅಂದೆ. ಕಟ್ಟಿದ್ದ ಕ್ಯಾರೆಟ್ ಕಂತೆ ಬಿಚ್ಚಿ ಮತ್ತೆ ಕಟ್ಟಿದ್ರು. "ಅಡ್ಡಹೆಸರು ಸಮೇತ ಹಾಕಕ್ಕೆ ಹೇಳು. ಸಬ್ಯೊನ್. ಇಲ್ದಿದ್ರೆ ಬೇಕರಿ ನಡೆಸೋ ಇನ್ನೊಬ್ಬ ಎಲ್ವೀರಾ ತಿಯೊತ್ಸೊ ಆ ವಿದ್ಯೆ ತನ್ನದೇ ಅಂತ ಮೆರೀತಾಳೆ." ಸಬ್ಯೊನ್ ಅಂದ್ರೆ ಮರಳು, ನಿನಗೆ ಗೊತ್ತು.

ಬೇಲಿ ದಾಟೋವಾಗ ಹಿಂದಿಂದ ಕೂಗಿದ್ರು. "ಪುಸ್ತಕದಲ್ಲಿ ಮಗಳು ಬರೀಲಿ. ನೀನು ಬಾಯಲ್ಲಿ ಹೇಳು, ನಿಮ್ಮ ಕಡೆ, ನಿಮ್ಮ ಬಾರಲ್ಲಿ. ಬಾಯಲ್ಲಿ ಕದ್ದೋನು ಬಾಯಲ್ಲೇ ವಾಪಸ್ ಕೊಡ್ಬೇಕು."

ಸೀದಾ ಉಗೊನ ಬಾರಿಗೆ ಹೋದೆ. ಭಾನುವಾರ, ಊಟಕ್ಕೆ ಮುಂಚೆ ಎಲ್ಲರೂ ಒಂದೊಂದು ಲೋಟ ಹಿಡಿದು ನಿಂತಿರ್ತಾರೆ. ಹೇಳಿದೆ. ಇಷ್ಟುದ್ದ ಅಲ್ಲ, ನಾಲ್ಕೇ ಮಾತು. ಆಮೇಲೆ ಉಗೊ ಕೇಳ್ದ, "ಅಂದ್ರೆ ನಿನ್ನ ಏಡಿಗೆ ನೀರು ಹಾಕ್ತೀಯೋ, ಗೊಬ್ಬರ ಹಾಕ್ತೀಯೋ?" ಇನ್ನೊಬ್ಬ, "ಇನ್ಮೇಲೆ ಇವನು ಚಾಕೊಲ ಅಲ್ಲ, ಕ್ಯಾರೆಟ್" ಅಂದ. ನಕ್ಕರು, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರೋಷ್ಟು ನಕ್ಕೆ. ಆದ್ರೆ ಮೂಲೇಲಿ ಕೂತಿದ್ದ ಉಗೊನ ಅಪ್ಪ, ತೊಂಬತ್ತೊಂದು ವರ್ಷ ಅವರಿಗೆ, ನಗಲಿಲ್ಲ. "ನಿನ್ನ ಮಗಳು ಹೇಳಿಸಿದ್ಲಾ?" ಅಂತ ಕೇಳಿದ್ರು. ಹೌದು ಅಂದೆ. ಅದೇ ಜಾಗ, ಅದೇ ಮನುಷ್ಯ, ಅದೇ ಮಾತು. ಈ ಸಲದ ಹೌದು ನಿಜ.

ನಲವತ್ತು ಜನಕ್ಕೆ ಫೋನ್ ಮಾಡಿ ಅಕ್ಟೋಬರ್ ಅಂತ ಹೇಳ್ತಿದ್ದೀನಿ. ಯಾಕೆ ಅಂತ ಕೇಳಿದೋರಿಗೆಲ್ಲಾ ಯಾಕೆ ಅಂತಾನೂ ಹೇಳ್ತಿದ್ದೀನಿ. ನಿಮ್ಮಮ್ಮ, "ಎಲ್ಲರಿಗೂ ಇಷ್ಟುದ್ದ ಹೇಳ್ಬೇಕಾ?" ಅಂತಾಳೆ. ಹೇಳ್ಬೇಕು.


ಮಗಳ ಸಂದೇಶ
1 ಜುಲೈ

ಕೂತು ಕೇಳಿದೆ. ಎದ್ದು ನಿಂತು ಇನ್ನೊಂದು ಸಲ ಕೇಳಿದೆ.

ಶನಿವಾರ ಬರ್ತೀನಿ. ಮನೆಗಲ್ಲ, ನೇರ ಸೊತ್ತೊಮರೀನಾಕ್ಕೆ. ನಿನ್ನ ಮಾತು ಕೇಳಿ ಬರೆಯೋದಲ್ಲ, ಅವರನ್ನೇ ಕೂರಿಸಿ ಕೇಳ್ತೀನಿ. ನೀನು ಬರಬಹುದು. ಮಾತಾಡೋ ಹಾಗಿಲ್ಲ.

ಮಾರ್ಕೆಟ್ಟಿನ ಬುಟ್ಟಿ ವಿಷಯ ಬರೆದಿದ್ದೆನಲ್ಲ, ಅದು ನಿನ್ನನ್ನ ಚುಚ್ಚೋಕೆ ಬರೆದಿದ್ದಲ್ಲ ಅಪ್ಪಾ. ನಾನು ಅದನ್ನ ನಿಜವಾಗ್ಲೂ ನಿನ್ನಿಂದಾನೇ ಕಲಿತಿದ್ದು. ಅದಕ್ಕೆ ಬೇರೆ ಯಾರ ಹೆಸರೂ ಹಾಕೋ ಅಗತ್ಯ ಇಲ್ಲ.


ಮಗಳ ಸಂದೇಶ
20 ಸೆಪ್ಟೆಂಬರ್

ಮೂರು ಗುರುತು, ಹೊಸಾ ನೂರು ಏಡಿ. ತೊಂಬತ್ತಾರು. ಸಬ್ಯೊನ್ ಅಜ್ಜಿಗೆ ನೀನೇ ಹೋಗಿ ಹೇಳು. ಉಗೊನಿಗಿಂತ ಮೊದಲು.


ಅಪ್ಪನ ಧ್ವನಿ ಸಂದೇಶ
ಬೊಲೊನ್ಯ, 17 ಅಕ್ಟೋಬರ್, ಗುರುವಾರ

ಪುಟ್ಟಿ, ಇದನ್ನ ಎಲ್ಲಾ ಮುಗಿದ ಮೇಲೆ ಕೇಳು. ನೀನು ಒಳಗಿದ್ದೀಯ, ನಾನು ಹೊರಗೆ ಜಗಲೀಲಿ ನಿಂತಿದ್ದೀನಿ. ನಿನಗಿಂತ ಮುಂಚೆ ಪ್ರಬಂಧ ಒಪ್ಪಿಸೋರು ಇಬ್ಬರಿದ್ರು, ಎರಡನೆಯವರದೂ ಮುಗೀತಾ ಬಂದಿದೆ. ಮೊದಲನೇ ಹುಡುಗ ಮಾತಾಡ್ತಿದ್ದಾಗ ನಾನು ಪಕ್ಕದೋರಿಗೆ ನಿನ್ನ ತೊಂಬತ್ತಾರರ ಕಥೆ ಹೇಳ್ತಿದ್ದೆ. ಮೇಲೆ ಕೂತಿದ್ದ ದೊಡ್ಡ ಪ್ರೊಫೆಸರು, "ಅಲ್ಲಿ ಮಾತಾಡ್ತಿರೋ ಸಜ್ಜನರು ದಯವಿಟ್ಟು ಹೊರಗೆ ಹೋಗ್ತೀರಾ" ಅಂದ್ರು. ಹೋಗ್ತೀನಿ ಅಂದೆ. ನಿಮ್ಮಮ್ಮ ತಲೆ ತಗ್ಗಿಸಿಬಿಟ್ಲು. ಎಲ್ವೀರಮ್ಮ ಮಾತ್ರ ಜೋರಾಗಿ, "ಮೂವತ್ತು ವರ್ಷದಿಂದ ನಾವೂ ಇದನ್ನೇ ಕೇಳ್ಕೋತಿದ್ದೀವಿ ಸ್ವಾಮಿ" ಅಂದ್ರು.

ಟ್ರೇನಲ್ಲಿ ಮೂರು ಗಂಟೆ ಮಡಿಲಲ್ಲಿ ತರಕಾರಿ ಚೀಲ ಇಟ್ಕೊಂಡು ಬಂದ್ರು. ಏನಮ್ಮಾ ಅದು, ಪ್ರೊಫೆಸರಿಗೆ ಕ್ಯಾರೆಟ್ಟಾ ಅಂದ್ರೆ, ಇಣುಕೋಕೂ ಬಿಡಲಿಲ್ಲ. ಮೂಗಿಗೆ ಮುಚ್ಚಿಡೋಕಾಗುತ್ತಾ? ಲಾರೆಲ್ ಎಲೆ, ಅವರ ಬೇಲೀದು. ನಾನು ನೋಡಿಲ್ಲ, ನಿಮ್ಮಮ್ಮನೂ ನೋಡಿಲ್ಲ. ಪದವಿ ಸಿಗೋವರೆಗೂ ಅದು ಕ್ಯಾರೆಟ್ಟೇ.

ನಿನ್ನ ಪುಸ್ತಕ ನಿನ್ನೆ ಕೈಗೆ ಬಂತಲ್ಲ, ಆ ಪುಟ ತೆಗೆದೆ. ಮೂರನೇ ಅಧ್ಯಾಯದ ಮೊದಲ ಸಾಲಿಗೇ ಪುಟದ ಕೆಳಗೆ ಟಿಪ್ಪಣಿ, ಸಣ್ಣ ಅಕ್ಷರದಲ್ಲಿ: ಎಲ್ವೀರಾ ತಿಯೊತ್ಸೊ ಸಬ್ಯೊನ್, ಸೊತ್ತೊಮರೀನಾ, ಬಾಯಿಮಾತು, 1994 ಮತ್ತು 2024. ಮೊದಲನೆಯದು ದಾರಿಯೊ ಬೊಸ್ಕೊಲೊ ಚಾಕೊಲ ಮೂಲಕ. ಆ 'ಮೂಲಕ' ಅನ್ನೋದನ್ನ ಎಷ್ಟು ಸಲ ಓದಿದೆ ಗೊತ್ತಾ? ಮೂವತ್ತು ವರ್ಷ ಇಡೀ ವಿದ್ಯೆ ನಂದೇ ಅಂತ ಹೇಳ್ಕೊಂಡು ತಿರುಗ್ದೆ, ಆಗ ಒಂದು ದಿನವೂ ಎದೆ ಇಷ್ಟು ತುಂಬಿರಲಿಲ್ಲ. ಈಗ ನನಗೆ ಸಿಕ್ಕಿರೋದು ಒಂದು ಸಣ್ಣ ಮೂಲಕ. ಆದ್ರೆ ಅದು ನಂದು, ಪುಟ್ಟಿ. ಯಾರು ಯಾವ ಕಲ್ಲಿನ ಮೇಲಿನ ವರ್ಷ ನೋಡಿದ್ರೂ ಅದು ಅಲ್ಲಾಡಲ್ಲ.

ಎಷ್ಟು ಅಂಕ ಬರುತ್ತೋ ಬರ್ಲಿ. ಕಮ್ಮಿ ಕೊಟ್ರೆ ಬೇಡ ಅಂತ ವಾಪಸ್ ಕೊಟ್ಟು ಎದ್ದು ಬಾ, ಈ ಸಲ ನಾನು ಬೈಯಲ್ಲ. ನಲವತ್ತು ಜನಕ್ಕೆ ಏಪ್ರಿಲ್ ಅಂತ ಮತ್ತೆ ಫೋನ್ ಮಾಡ್ತೀನಿ, ನನಗೇನು, ಮಾತಾಡೋಕೆ ಬೇಜಾರಾ? ನಾನು ಹೇಳ್ಬೇಕಂತಿದ್ದಿದ್ದು ಅದಲ್ಲ, ಇನ್ನೊಂದು, ಏನಂದ್ರೆ... ತಡಿ, ಬಾಗಿಲು ತೆಗೀತು. ಎಲ್ವೀರಮ್ಮ ತಲೆ ಹೊರಗೆ ಹಾಕಿದ್ದಾರೆ.

"ಏಯ್ ಹುಚ್ಚೇಡಿ! ನಿನ್ನ ಮಗಳು ಎದ್ದು ನಿಂತಿದ್ದಾಳೆ ಕಣೋ. ಮೊದಲ ಮಾತೇ ನನ್ನ ಹೆಸರು! ಬಾಯಿ ಮುಚ್ಕೊಂಡು ಒಳಗೆ ಬಾ."

ಬಂದೆ ಎಲ್ವೀರಮ್ಮ, ಬಂದೆ. ಇಡ್ತೀನಿ ಪುಟ್ಟಿ.